ಅಜ್ಜಿ ಹೇಳದ ಮಾತು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮದರಾಸಿನ ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ ಕುಳಿತು ನಾನು ಕನ್ನಡ ವೆಬ್‌ಸೈಟ್ ಒಂದಕ್ಕೆ ಮನೆಮದ್ದಿನ ಲೇಖನಗಳನ್ನು ಬರೆಯುತ್ತಿದ್ದೆ. ದಿನಕ್ಕೆ ಆರು. ಕಂಪ್ಯೂಟರಿನ ಮುಂದೆ ಕೂತು ಓದುವವರಿಗೆ ತಾಳ್ಮೆ ಇರುವುದಿಲ್ಲ, ನಾಲ್ಕು ಪ್ಯಾರಾದಲ್ಲಿ ಮುಗಿಸಿ ಎಂದು ಸಂಪಾದಕರು ಹೇಳಿದ್ದರು. ಉಳಿದವರು ತಿಣುಕಾಡುವಾಗ ನನಗೆ ಒಂದಕ್ಕೆ ಅರ್ಧ ಗಂಟೆ ಸಾಕಾಗುತ್ತಿತ್ತು. ಆ ಬಗ್ಗೆ ನನಗೆ ಜಂಬವೂ ಇತ್ತು.

ಗುಟ್ಟು ಇಷ್ಟೇ. 'ನಮ್ಮಜ್ಜಿ ಹೇಳುತ್ತಿದ್ದರು' ಎಂದು ಶುರು ಮಾಡಿಬಿಟ್ಟರೆ ಆಮೇಲೆ ಯಾರೂ ಆಧಾರ ಕೇಳುವುದಿಲ್ಲ. ನೆಗಡಿಗೆ, ಹಲ್ಲುನೋವಿಗೆ, ಒಡೆದ ಹಿಮ್ಮಡಿಗೆ, ಎಲ್ಲಕ್ಕೂ ಅಜ್ಜಿಯ ಬಾಯಲ್ಲಿ ಒಂದೊಂದು ಮದ್ದು ತುರುಕಿದೆ. ನಿಜವಾದ ಅಜ್ಜಿಗೆ ಮಾತೇ ಕಡಿಮೆ. ನನ್ನ ಮೈ ಸ್ವಲ್ಪ ಬಿಸಿಯಾದರೂ ಬಸ್ಸು ಹತ್ತಿಸಿ, ಡಾಕ್ಟರ ಹತ್ತಿರ ಕರೆದೊಯ್ದು ಇಂಜೆಕ್ಷನ್ ಕೊಡಿಸುವವರೆಗೆ ಅವಳಿಗೆ ಸಮಾಧಾನ ಇರುತ್ತಿರಲಿಲ್ಲ.

ಅಪ್ಪನದು ರೈಲ್ವೆ ಕೆಲಸ, ನಮ್ಮ ಮನೆ ವೆಸ್ಟ್ ಮಾಂಬಲಂನಲ್ಲಿ. ಇಲ್ಲೇ ಬೆಳೆದರೆ ಕನ್ನಡ ಓದಲು ಬರೆಯಲು ಬರುವುದಿಲ್ಲವೆಂದು ಚಿಕ್ಕಂದಿನಲ್ಲಿ ನನ್ನನ್ನು ಮಂಡ್ಯದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಮ್ಮ ಹದಿನೇಳಕ್ಕೇ ಮದುವೆಯಾಗಿ, ತಾಯಿಯನ್ನು ಬಿಟ್ಟು ಮದರಾಸಿಗೆ ಬಂದವಳು. "ನನಗಿಂತ ನಿನಗೇ ಜಾಸ್ತಿ ಸಿಕ್ಕಳು ನಮ್ಮಮ್ಮ" ಎನ್ನುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲಂತೂ ನನ್ನ ಒಂದೊಂದು ಲೇಖನವನ್ನೂ ಬೀದಿ ಕೊನೆಯ ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಬೀರುವಿನಲ್ಲಿಡುತ್ತಿದ್ದಳು. ಮಗಳ ಮೇಲಿನ ಅಭಿಮಾನ ಎಂದುಕೊಂಡು ನಾನು ಬೀಗುತ್ತಿದ್ದೆ.

ಒಂದು ದಿನ ಸಕ್ಕರೆ ಕಾಯಿಲೆಯ ಸರದಿ ಬಂತು. ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು ಕುಡಿದರೆ ಮಾತ್ರೆಯ ಹಂಗೇ ಇಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು ಅಂತ ಬರೆದು ಊಟಕ್ಕೆ ಎದ್ದೆ. ಅಮ್ಮನಿಗೆ ಎಂಟು ವರ್ಷದಿಂದ ಶುಗರ್ ಇದೆ ಎನ್ನುವುದು ಬರೆಯುವಾಗ ನನ್ನ ತಲೆಗೇ ಹೊಳೆಯಲಿಲ್ಲ. ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುವುದು ಅದಕ್ಕೇ.

ತಿಂಗಳೊಳಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಪೋರೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ಬೆಳಿಗ್ಗೆ ಅವಳಿಗೆ ಸರಿಯಾಗಿ ಎಚ್ಚರವಾಯಿತು. ಮಾತ್ರೆ ಬಿಟ್ಟಿದ್ದೇ ಕಾರಣವೆಂದು ಡಾಕ್ಟರು ಹೇಳಿದ್ದರಿಂದ, ಯಾಕೆ ಬಿಟ್ಟೆ ಎಂದು ರೇಗಿದೆ.

"ನಮ್ಮಮ್ಮ ಹೇಳಿದ್ಲಲ್ಲ ಕಣೇ. ನೀನೇ ಬರೆದಿದ್ದೆ."

ಅಜ್ಜಿ ಹಾಗೆ ಯಾವತ್ತೂ ಹೇಳಿರಲಿಲ್ಲ, ಬೇಗ ಮುಗಿಯಲಿ ಅಂತ ನಾನೇ ಹುಟ್ಟಿಸಿಕೊಂಡದ್ದು ಎಂದು ಒಪ್ಪಿಕೊಂಡೆ. ಅವಳ ಕೈ ಹಿಡಿದು ಅತ್ತೆ.

"ಪೋದುಂ, ಸಾಕು, ಅಳಬೇಡ" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಕೊಬ್ಬರಿ ಎಣ್ಣೆ ಬಗ್ಗೆ ಬರೆದಿದ್ಯಲ್ಲ, ನಿನ್ನ ತಲೆಗೆ ಎಣ್ಣೆ ಹಚ್ಚೋವಾಗ ನನ್ನ ನೆನೆಸ್ಕೊಂಡು ನಮ್ಮಮ್ಮ ಅಳ್ತಿದ್ಲು ಅಂತ. ಅದು?"

ಆ ಲೇಖನಕ್ಕೆ ಕೊನೆಯಲ್ಲಿ ಎರಡು ಸಾಲು ಕಡಿಮೆ ಬಿದ್ದಿತ್ತು. ಅದಕ್ಕೆ ನಾನೇ ಹುಟ್ಟಿಸಿ ಸೇರಿಸಿದ್ದು.

"ಅದು ನಿಜ ಅಮ್ಮ" ಎಂದೆ, ಥಟ್ಟನೆ.

ಅಷ್ಟು ಬೇಗ ಹೇಳಿದ್ದರಿಂದಲೇ ಇರಬೇಕು, ಅಮ್ಮ ನಂಬಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.