ಮುದುಕಿಗೆ ಹೊಲಿದ ಹುಡ್

ನಾನು ಹೊಲಿದ ಹುಡ್ ಸೋರುತ್ತದೆ ಎಂದು ದಾವಣಗೆರೆಯ ಒಬ್ಬ ಆಟೋದವನೂ ಈ ತನಕ ಹೇಳಿಲ್ಲ. ಜಂಬ ಎನ್ನುವುದಾದರೆ ಎನ್ನಿ. ನಿಟ್ಟುವಳ್ಳಿಯ ನನ್ನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ: ಆಟೋಗೆ ಹುಡ್, ಸೀಟಿಗೆ ಕವರ್, ಬೈಕಿಗೆ ಹೊಸ ರೆಕ್ಸಿನ್. ಹೊಲಿಗೆ ಮುಗಿದ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿ, ಮೇಲೆ ಒಂದು ಕೊಡ ನೀರು ಸುರಿದು ತೋರಿಸುತ್ತೇನೆ. ಒಳಗೆ ಒಂದು ಹನಿ ಕಂಡರೆ ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ್ರಿ ಎನ್ನುತ್ತೇನೆ. ಈ ಜಂಬದಿಂದ ಒಂದು ಮೂಕ ಜೀವ ಸಾಯುವ ಹಾಗಾಯಿತು. ಅದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ಅಕ್ಕ ಹರಿಹರದಲ್ಲಿ, ಹೊಳೆಗೆ ಹತ್ತಿರದ ಒಂದು ಓಣಿಯಲ್ಲಿದ್ದಾಳೆ. ನಮ್ಮವರ ಮಾತಿನಲ್ಲಿ ಅವಳು ಆಪಾ. ಮನೆಯಲ್ಲಿ ನಾವು ಆಡುವುದು ಅರ್ಧ ಉರ್ದು, ಅರ್ಧ ಕನ್ನಡ. ಬೈಯುವಾಗ ಮಾತ್ರ ಆಪಾ ಪೂರ್ತಿ ಕನ್ನಡಕ್ಕೆ ಬರುತ್ತಾಳೆ, ಓಣಿಯವರಿಗೆಲ್ಲ ಅರ್ಥವಾಗಲಿ ಎಂದು. ಭಾವ ಮೊದಲು ಟಾಂಗಾ ಹೊಡೆಯುತ್ತಿದ್ದರು. ಟಾಂಗಾ ಹತ್ತುವವರು ಇಲ್ಲವಾದ ಮೇಲೆ ಮದುವೆ ಮೆರವಣಿಗೆಗೆ ಕುದುರೆ ಕೊಡತೊಡಗಿದರು. ಅವರು ತೀರಿಕೊಂಡಾಗ ಉಳಿದದ್ದು ಒಂದೇ ಒಂದು ಬಿಳಿ ಹೆಣ್ಣು ಕುದುರೆ. ಆಪಾ ಅದನ್ನು ಮಾರಲಿಲ್ಲ. ಈಗ ಅದಕ್ಕೆ ಇಪ್ಪತ್ತೈದು ದಾಟಿರಬೇಕು. ಅವಳು ಅದನ್ನು ಕರೆಯುವುದೇ ಮುದುಕಿ ಎಂದು.

"ಊರಾಗಿನ ಅರ್ಧ ಗಂಡಸ್ರು ಇದರ ಬೆನ್ನ ಮ್ಯಾಲೆ ಕೂತೇ ಮದ್ವೆ ಆಗ್ಯಾರೆ. ಈಗ ಒಬ್ನಾದ್ರೂ ಒಂದು ಹಿಡಿ ಹುಲ್ಲು ತಂದು ಹಾಕ್ತಾನಾ ನೋಡು" ಎಂದು ಬೈಯುತ್ತಲೇ ದಿನವೂ ಅದರ ಮೈ ತಿಕ್ಕುತ್ತಾಳೆ.

ಹೋದ ವರ್ಷ ಚಳಿಗಾಲದಲ್ಲಿ ಅವಳ ಮಗಳಿಗೆ ಶಿವಮೊಗ್ಗದಲ್ಲಿ ಹೆರಿಗೆ. ಡಾಕ್ಟರು ಪ್ರಯಾಣ ಬೇಡ ಎಂದಿದ್ದರಿಂದ ಆಪಾ ತಾನೇ ಹೊರಟಳು. ಮೂರು ವಾರ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಪಕ್ಕದ ಮನೆಯವರು ಮೇವು ಹಾಕುವುದು, ಸಂಜೆ ಅಂಗಡಿ ಮುಗಿಸಿ ನಾನು ಸ್ಕೂಟರಿನಲ್ಲಿ ಹರಿಹರಕ್ಕೆ ಹೋಗುವುದು ಎಂದು ಮಾತಾಯಿತು. ಹೊರಡುವ ಮುಂಚೆ ಆಪಾ ನನ್ನನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಪಾಠ ಹೇಳಿದಳು.

"ತಣ್ಣೀರು ಕೊಡಬ್ಯಾಡ, ಹಲ್ಲು ಸವೆದಾವೆ, ಕುಡಿಯಂಗಿಲ್ಲ. ಬೆಚ್ಚಗೆ ಮಾಡಿ ಕೊಡು. ಬೂಸಾ ನೆನೆಸಿ ಗಂಜಿ ಹಂಗೆ ಮಾಡು. ಇಷ್ಟು ಮರೆತ್ರೂ ಅಡ್ಡಿಲ್ಲ, ಇದೊಂದು ಮರೀಬ್ಯಾಡ: ಸಂಜೀಗೆ ಕಂಬಳಿ ತೆಗಿ, ಒಣ ಗೋಣಿತಾಟಿನಿಂದ ಮೈ ತಿಕ್ಕು, ಕುತ್ತಿಗೆಯಿಂದ ಬಾಲದ ತನಕ ಕೈ ಆಡ್ಸು. ಚಳೀಗೆ ಕೂದ್ಲು ದಟ್ಟ ಬಂದಿರ್ತೈತೆ, ನೋಡಾಕೆ ದಪ್ಪ ಕಾಣ್ತದೆ. ಕಣ್ಣು ನಂಬಬ್ಯಾಡ."

"ಹೂಂ ಆಪಾ."

"ಹೂಂ ಅಂದ್ರೆ ಸಾಲದು. ಕೈ ಆಡ್ಸು."

ಅವಳ ಬಸ್ಸು ಹೊರಟ ಮೇಲೆ ಆ ಕಂಬಳಿಯನ್ನು ನೋಡಿದೆ. ಮೂರು ಕಡೆ ತೇಪೆ, ಒಂದು ಅಂಚು ಇಲಿ ಕಡಿದದ್ದು. ಮಳೆ ಬಂದರೆ ನೀರು ಕುಡಿದು ಇನ್ನೊಂದು ಕುದುರೆಯಷ್ಟು ಭಾರವಾಗುವಂಥದ್ದು. ನನಗೆ ಸಿಟ್ಟು ಬಂತು. ಊರಿನ ಆಟೋಗಳನ್ನೆಲ್ಲ ನೆನೆಯದಂತೆ ಕಾಯುವವನು ನಾನು, ನನ್ನ ಅಕ್ಕನ ಕುದುರೆ ಈ ಚಿಂದಿ ಹೊದ್ದು ನಿಲ್ಲಬೇಕೆ?

ಮಾರನೆಯ ದಿನವೇ ಅಳತೆ ತೆಗೆದುಕೊಂಡೆ. ಅಂಗಡಿಯಲ್ಲಿದ್ದ ಅತ್ಯಂತ ಗಟ್ಟಿ ರೆಕ್ಸಿನ್ ಕತ್ತರಿಸಿದೆ. ಒಳಗೆ ಸೀಟಿಗೆ ಹಾಕುವ ಸ್ಪಂಜಿನ ಹಾಳೆ, ಕುತ್ತಿಗೆಯ ಸುತ್ತ ಬಿಗಿಯಾಗಿ ಎಲಾಸ್ಟಿಕ್, ಹೊಟ್ಟೆಯ ಕೆಳಗೆ ಬಕಲ್ ಇರುವ ಎರಡು ಪಟ್ಟಿ. ಎಲ್ಲ ಹೊಲಿಗೆಗೂ ಒಳಗಿನಿಂದ ಪಟ್ಟಿ ಅಂಟಿಸಿದೆ. ಅಂಗಡಿಗೆ ಬಂದಿದ್ದ ಒಬ್ಬ ಆಟೋದವನು ನೋಡಿ, "ಒಂದು ಮೀಟರ್ ಕೂಡ್ಸಿಬಿಡ್ರಿ, ಸ್ಟ್ಯಾಂಡಿಗೆ ಬಿಡೋಣ" ಎಂದ. ಅವನು ಹೇಳಿದ್ದು ತಮಾಷೆಗೆ, ನಾನು ತೆಗೆದುಕೊಂಡದ್ದು ಶಹಬ್ಬಾಸ್‌ಗಿರಿ ಎಂದು.

ಮುದುಕಿಗೆ ಅದನ್ನು ತೊಡಿಸಿ ಮೇಲೆ ಒಂದು ಕೊಡ ನೀರು ಸುರಿದೆ. ಜರ್ರನೆ ಜಾರಿ ಕೆಳಗೆ ಬಿತ್ತು. ಕಂಬಳಿಯನ್ನು ಮಡಿಸಿ ಅಟ್ಟದ ಮೇಲೆ ಎಸೆದೆ.

ಮೂರನೆಯ ದಿನ ಮಳೆ ಹಿಡಿಯಿತು. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿತವಂತೆ, ಇಲ್ಲಿ ನಮಗೆ ಸೂರ್ಯನೇ ಇಲ್ಲ. ಜಡಿಮಳೆ, ಹೊಳೆಯ ಕಡೆಯಿಂದ ಹಲ್ಲು ಕಡಿಸುವ ಗಾಳಿ. ಮಳೆ ಬಂತೆಂದರೆ ನನ್ನ ಅಂಗಡಿಯ ಮುಂದೆ ಆಟೋಗಳ ಸಾಲು. ಬೇರೆಯವರು ಹೊಲಿದ ಹುಡ್‌ಗಳೆಲ್ಲ ಸೋರುವುದು ಆಗಲೇ. ಸಂಜೆ ಹರಿಹರ ಮುಟ್ಟುವಷ್ಟರಲ್ಲಿ ನನಗೆ ಸಾಕುಸಾಕಾಗಿರುತ್ತಿತ್ತು. ನೀರು ಕಾಯಿಸಿ ಕೊಡುತ್ತಿದ್ದೆ, ಬೂಸಾ ನೆನೆಸುತ್ತಿದ್ದೆ. ಅದರಲ್ಲಿ ಮೋಸ ಮಾಡಲಿಲ್ಲ. ಆದರೆ ಹುಡ್ ತೆಗೆಯಲಿಲ್ಲ. ಬೆಚ್ಚಗಿರುವ ಪ್ರಾಣಿಯ ಹೊದಿಕೆ ಯಾಕೆ ತೆಗೆಯಬೇಕು, ಚಳಿ ಹೊಗಲಿ ಅಂತಲೇ?

ಆಪಾ ದಿನವೂ ಫೋನು ಮಾಡುತ್ತಿದ್ದಳು.

"ಕೈ ಆಡಿಸ್ದೇನೋ?"

"ಹೂಂ ಆಪಾ, ಆಡಿಸ್ದೆ."

ಆಡಿಸಿದ್ದೆ ನಿಜ, ರೆಕ್ಸಿನ್ ಮೇಲೆ.

ಮುದುಕಿ ನನಗೆ ಹೇಳಲಿಲ್ಲ ಎನ್ನುವಂತಿಲ್ಲ. ನಾನು ಪಟ್ಟಿ ಮುಟ್ಟಿದರೆ ಕಿವಿ ಹಿಂದಕ್ಕೆ ಒತ್ತಿ ಕಾಲು ಅಪ್ಪಳಿಸುತ್ತಿತ್ತು. ಗೋಡೆಗೆ ಮೈ ಉಜ್ಜುತ್ತಿತ್ತು. "ವಯಸ್ಸಾದ್ರೂ ಕೊಬ್ಬು ಇಳಿದಿಲ್ಲ ನೋಡು ನಿಂಗೆ" ಎಂದು ಗದರಿಸಿದೆ. ಒಂದು ವಾರಕ್ಕೆ ಹೊಟ್ಟೆಯ ಪಟ್ಟಿ ಸಡಿಲವಾಯಿತು. ಥಂಡಿಗೆ ರೆಕ್ಸಿನ್ ಹಿಗ್ಗಿದೆ ಅಂದುಕೊಂಡು ಒಂದು ತೂತು ಮುಂದಕ್ಕೆ ಬಿಗಿದೆ. ಮತ್ತೆ ಸಡಿಲವಾಯಿತು. ಮತ್ತೊಂದು ತೂತು. ಪಟ್ಟಿಯಲ್ಲಿದ್ದ ತೂತುಗಳು ಮುಗಿದಾಗ ಅಂಗಡಿಯಿಂದ ಪಂಚ್ ತಂದು ಎರಡು ಹೊಸ ತೂತು ಹೊಡೆದೆ. ಮಾಲು ಕೊಟ್ಟವನನ್ನು ಮನಸ್ಸಿನಲ್ಲೇ ಬೈದೆ, ಈ ಸಲ ಕಳಪೆ ರೆಕ್ಸಿನ್ ಕೊಟ್ಟಿದ್ದಾನೆ ಎಂದು. ಎಂಥ ಬುದ್ಧಿ ನನ್ನದು!

ಆಪಾ ಬಂದ ದಿನ ನಾನು ಬೆಳಿಗ್ಗೆಯೇ ಹೋಗಿ ಕಾದಿದ್ದೆ. ಹುಡ್ ತೋರಿಸುವ ಉಮೇದು. ತುಂತುರು ಬೀಳುತ್ತಲೇ ಇತ್ತು. ಅವಳು ಬ್ಯಾಗು ಸಹ ಇಳಿಸದೆ ನೇರ ಕೊಟ್ಟಿಗೆಗೆ ಬಂದಳು.

"ಏನಿದು ಇದರ ಮೈಮ್ಯಾಲೆ?"

"ನಾನೇ ಹೊಲಿದದ್ದು ಆಪಾ. ಇಷ್ಟು ಮಳೆಗೂ ಒಂದು ಹನಿ ಒಳಗೆ ಹೋಗಿಲ್ಲ."

ಅವಳು ಮೂಗು ಅರಳಿಸಿದಳು. "ಏನು ವಾಸ್ನೆ ಇದು?" ಎಂದಳು. ಬ್ಯಾಗು ಕೆಳಗೆ ಹಾಕಿ ಎರಡೂ ಬಕಲ್ ಬಿಚ್ಚಿ ಹುಡ್ ಎಳೆದಳು.

ಒಳಗಿನಿಂದ ಗುಪ್ಪೆಂದು ಹಬೆ ಎದ್ದಿತು. ಸ್ಪಂಜಿನಿಂದ ನೀರು ತೊಟತೊಟ ನನ್ನ ಕಾಲ ಮೇಲೆ ಸುರಿಯಿತು. ಮಳೆ ನೀರಲ್ಲ ಅದು. ಆ ಪ್ರಾಣಿಯದೇ ಬೆವರು, ಅದರದೇ ಮೈಹಬೆ, ಮೂರು ವಾರದಿಂದ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ನಿಂತದ್ದು. ಸ್ಪಂಜಿನ ಜೊತೆಗೇ ಕೂದಲು ಕಂತೆಕಂತೆಯಾಗಿ ಕಿತ್ತು ಬಂತು. ಬೆನ್ನಿನ ಮೇಲೆಲ್ಲ ಹಕ್ಕಳೆ, ಹಕ್ಕಳೆ ಎದ್ದ ಕಡೆ ಹಸಿ ಚರ್ಮ. ನೆನೆದ ಕೂದಲು ಮೈಗೆ ಅಂಟಿ ಮುದುಕಿಯ ನಿಜವಾದ ಆಕಾರ ಕಾಣುತ್ತಿತ್ತು. ಸೊಂಟದ ಮೂಳೆಗಳು ಮೇಲೆದ್ದು, ಪಕ್ಕೆಗಳು ಒಂದೊಂದೂ ಬಿಡಿಯಾಗಿ. ಯಾ ಅಲ್ಲಾ ಎಂದೆ. ಗಾಳಿ ಸೋಕಿದ್ದೇ ತಡ ಮುದುಕಿಗೆ ಗಡಗಡ ನಡುಕ ಹತ್ತಿತು.

ಆಪಾ ಬೈಯುತ್ತಾಳೆ ಎಂದು ಕಾದೆ. ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಓಣಿ ಕೂಡಿಸುವವಳು ಅವಳು. ಬೈಯುವ ಬದಲು ಪಟ್ಟಿ ಕೈಗೆತ್ತಿಕೊಂಡು ತೂತುಗಳನ್ನು ನೋಡಿದಳು. ಹೊಸದಾಗಿ ಹೊಡೆದ ಎರಡರ ಮೇಲೆ ಬೆರಳಿಟ್ಟಳು. ನನಗೆ ಅರ್ಥವಾದದ್ದು ಆಗಲೇ. ರೆಕ್ಸಿನ್ ಹಿಗ್ಗಿರಲಿಲ್ಲ, ಮುದುಕಿ ಕರಗುತ್ತಿತ್ತು. ನಾನೇ ನನ್ನ ಕೈಯಾರೆ ಅದನ್ನು ಒಂದೊಂದು ತೂತಾಗಿ ಬಿಗಿಯುತ್ತಾ ಬಂದಿದ್ದೆ. ಆಪಾ ನನ್ನ ಕೈ ಹಿಡಿದೆಳೆದು ಪಕ್ಕೆಯ ಮೇಲೆ ಇಟ್ಟಳು.

"ಎಣ್ಸು."

ಎಣಿಸಿದೆ. ಹದಿನಾರರ ತನಕ ಕೈಗೆ ಸಿಕ್ಕವು.

ಎಣಿಸಿ ಮುಗಿಯುವ ಮುಂಚೆಯೇ ಮುದುಕಿಯ ಮುಂಗಾಲುಗಳು ಮಡಚಿಕೊಂಡವು. ಉಸ್ಸೆಂದು ಕುಸಿದು ಒದ್ದೆ ನೆಲದ ಮೇಲೆ ಮಲಗಿಬಿಟ್ಟಿತು. ಆಗ ಆಪಾ ಕೂಗಿದಳು. "ಎಬ್ಬಿಸ್ರೋ! ಈ ಚಳ್ಯಾಗ ಮಲಗಿದ್ರೆ ಮತ್ತೆ ಏಳಂಗಿಲ್ಲ ಅದು!" ಭಾವನ ಕಾಲದಲ್ಲಿ ಹಾಗೆ ಮಲಗಿ ಏಳದೆ ಹೋದ ಕುದುರೆಗಳನ್ನು ಅವಳು ಕಂಡವಳು. ಓಣಿಯ ಐವರು ಓಡಿ ಬಂದರು. ಪಶುವೈದ್ಯರಿಗೆ ಫೋನು ಮಾಡಿದೆ. "ನಾ ಬರೋ ತನಕ ಒಣಗ್ಸಿ, ಹೆಂಗಾದ್ರೂ ನಿಲ್ಲಿಸ್ರಿ" ಎಂದರು.

ಗೋಣಿತಾಟಿನಿಂದ ತಿಕ್ಕಿದೆವು. ನನ್ನ ಸ್ವೆಟರ್ ಬಿಚ್ಚಿ ಅದರಿಂದಲೂ ತಿಕ್ಕಿದೆ. ಎಬ್ಬಿಸಲು ಹೊಟ್ಟೆಯ ಕೆಳಗೆ ಹಾಯಿಸಲು ಗಟ್ಟಿಯಾದದ್ದು ಏನಾದರೂ ಬೇಕಿತ್ತು. ಹಗ್ಗ ಹಾಕಿದರೆ ಹಸಿ ಚರ್ಮ ಕಿತ್ತು ಬರುತ್ತಿತ್ತು. ಕೊನೆಗೆ ಆ ದರಿದ್ರ ಹುಡ್ಡನ್ನೇ ಅಗಲ ಪಟ್ಟಿಯ ಹಾಗೆ ಮಡಿಸಿ ತೂರಿಸಿ, ಆ ಕಡೆ ಮೂವರು ಈ ಕಡೆ ಮೂವರು ಹಿಡಿದು ಎತ್ತಿದೆವು. ಎರಡು ಸಲ ಎದ್ದಂತೆ ಮಾಡಿ ಕುಸಿಯಿತು. ಮೂರನೆಯ ಸಲ ಆಪಾ ಅದರ ತಲೆಯನ್ನು ಎದೆಗೆ ಅವಚಿಕೊಂಡು, "ಏಳೇ ನನ್ನವ್ವ, ಏಳು" ಎಂದು ಅತ್ತಳು. ಎದ್ದು ನಿಂತಿತು. ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ವೈದ್ಯರು ಬಂದು ಇಂಜೆಕ್ಷನ್ ಕೊಟ್ಟರು, ತೊಳೆಯಲು ಔಷಧಿ ಬರೆದುಕೊಟ್ಟರು. ನಾನು ಅಟ್ಟ ಹತ್ತಿ ಕಂಬಳಿ ಇಳಿಸಿದೆ. ಅದು ಒಣಗಿತ್ತು. ಆಪಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ, "ಆ ಹುಡ್ ಕೊಟ್ಟಿಗೆ ಮಾಡಿನ ಮ್ಯಾಲೆ ಹಾಕು, ಅಲ್ಲಿ ಸೋರ್ತೈತೆ" ಎಂದಳು. ಕತ್ತರಿಸಿ ಕೊಟ್ಟಿಗೆಯ ಮಾಡಿಗೆ ಹೊದಿಸಿದೆ. ಮಳೆಯನ್ನು ಮಾಡಿನಲ್ಲೇ ತಡೆದರೆ ಸಾಕು, ಮೈಗೆ ಗಾಳಿ ಆಡಬೇಕು. ಇಷ್ಟು ತಿಳಿಯಲು ನನಗೆ ಐವತ್ತೆರಡು ವರ್ಷ ಬೇಕಾಯಿತು. ಆ ಚಳಿಗಾಲವೆಲ್ಲ ದಿನ ತಪ್ಪದೆ ಹೋಗಿ ಹಕ್ಕಳೆ ತೊಳೆದೆ, ಒಣಗಿಸಿದೆ, ಕೈ ಆಡಿಸಿದೆ. ಬೇಸಿಗೆಗೆ ಕೂದಲು ಹೊಸದಾಗಿ ಬಂತು. ಆದರೆ ರೆಕ್ಸಿನ್ ವಾಸನೆಯ ನನ್ನ ಕೈ ಕಂಡರೆ ಮುದುಕಿ ಇವತ್ತಿಗೂ ಕಿವಿ ಹಿಂದಕ್ಕೆ ಒತ್ತುತ್ತದೆ. ಸೋಪು ಹಾಕಿ ತೊಳೆದುಕೊಂಡೇ ಹತ್ತಿರ ಹೋಗುತ್ತೇನೆ.

ಈ ವರ್ಷ ಮೊಮ್ಮಗುವಿಗೆ ಒಂದು ತುಂಬಿತೆಂದು ಆಪಾ ಮತ್ತೆ ಶಿವಮೊಗ್ಗಕ್ಕೆ ಹೊರಟಳು. ಮುದುಕಿಯನ್ನು ಮತ್ತೆ ನನಗೇ ಒಪ್ಪಿಸಿದಾಗ ನಾನು ಬೆಚ್ಚಿಬಿದ್ದೆ.

"ಬ್ಯಾಡ ಆಪಾ, ನನ್ನ ಮ್ಯಾಲೆ ಬಿಡಬ್ಯಾಡ."

"ಮತ್ಯಾರ ಮ್ಯಾಲೆ ಬಿಡ್ಲಿ? ನೋಡಬಾರದ್ದು ನೋಡಿದೋನು ನೀನು, ಇನ್ನು ಕೈ ಆಡ್ಸೋದು ಮರೆಯಂಗಿಲ್ಲ."

ಈ ಸಲ ಅವಳು ಪಾಠ ಹೇಳಲಿಲ್ಲ. ಸಂಜೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದಳು: "ಎಷ್ಟು ಸಿಕ್ತಾವೆ?" ನಾನು ಕಂಬಳಿಯ ಅಡಿಯಲ್ಲಿ ಪಕ್ಕೆಗಳ ಮೇಲೆ ಕೈ ಇಟ್ಟುಕೊಂಡೇ ಉತ್ತರ ಕೊಡುತ್ತಿದ್ದೆ. ಮೊದಲ ನಾಲ್ಕು ದಿನ, ಎರಡು. ಐದನೆಯ ದಿನ ಮತ್ತೆ ಮೋಡ ಕವಿಯಿತು, ಥಂಡಿ ಗಾಳಿ ಎದ್ದಿತು. ಅವತ್ತು ಮೂರು ಸಿಕ್ಕವು. ಮಾರನೆಯ ದಿನ ಐದು.

ಮೈ ಒಣಗಿದೆ, ಮಾಡು ಸೋರುತ್ತಿಲ್ಲ, ನೀರು ಬೆಚ್ಚಗಿದೆ, ಬೂಸಾ ನೆನೆದು ಮೆತ್ತಗಿದೆ. ಎಲ್ಲಿ ತಪ್ಪಿದೆನೆಂದು ಹುಡುಕಿದೆ. ಒಂದು ತಪ್ಪು ಸಿಕ್ಕಿದ್ದರೆ ಸರಿಪಡಿಸುತ್ತಿದ್ದೆ. ಸಿಗಲಿಲ್ಲ. ವೈದ್ಯರನ್ನು ಕರೆಸಿದರೆ ಅವರು ಬಾಯಿ ಬಿಡಿಸಿ ನೋಡಿ, "ಹಲ್ಲೇ ಉಳಿದಿಲ್ರಿ. ನಿಮ್ಮ ಕಡೆಯಿಂದ ಏನೂ ಕಮ್ಮಿ ಆಗಿಲ್ಲ. ವಯಸ್ಸಾತು" ಎಂದರು. ಹೋದ ವರ್ಷ ನನ್ನದೇ ತಪ್ಪು ಎಂದು ತಿಳಿದಾಗ ಆದ ಆಘಾತಕ್ಕೆ ಮದ್ದಿತ್ತು, ದಿನವೂ ಬಂದು ತೊಳೆಯುವುದಿತ್ತು. ಇದಕ್ಕೆ ಏನು ಮಾಡಲಿ?

ಸಂಜೆ ಫೋನು ಬಂತು. "ಎಷ್ಟು ಸಿಕ್ತಾವೆ?"

ನಿನ್ನೆಯ ಹಾಗೇ ಮೂರು ಎನ್ನಬಹುದಿತ್ತು. ಅವಳು ಮೊಮ್ಮಗುವಿನ ಜೊತೆ ಇನ್ನೆರಡು ದಿನ ನಗುತ್ತಾ ಇರುತ್ತಿದ್ದಳು.

"ಐದು, ಆಪಾ."

ಆ ಕಡೆ ಮಗು ಏನೋ ಕೂಗುತ್ತಿತ್ತು.

"ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬರ್ತೀನಿ" ಎಂದಳು. "ಅಲ್ಲೀತನ ಕೈ ತೆಗೀಬ್ಯಾಡ."