ಬಣ್ಣ ನಂಬದ ಆಚಾರ್ರು

ಆಚಾರ್ರ ಎಡ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಉಪ್ಪುಕಾಗದ ಹಿಡಿದು ಕಾರುಗಳ ಮೈ ಉಜ್ಜಿ ಉಜ್ಜಿ ಅದು ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಾಗಿತ್ತು. ಆ ಕೈಗೆ ತೆಳ್ಳನೆಯ ಹಳೇ ಪಂಚೆಯ ತುಂಡು ಹೊದಿಸಿ, ಕಣ್ಣು ಮುಚ್ಚಿಕೊಂಡು, ಕಾರಿನ ಮೈ ಸವರುತ್ತಾ ಹೋಗುವರು. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. ನಮ್ಮ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಅವರು ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು, “ಇಲ್ಲಿ ಯಾರೋ ಸುಳ್ಳು ಯೋಳವ್ರೆ” ಎನ್ನುವರು.

ಅವರ ತಂದೆಯ ಕಾಲದವರೆಗೂ ಮನೆಯಲ್ಲಿ ನೇಗಿಲ ಗುಳ ತಟ್ಟುತ್ತಿದ್ದರಂತೆ. ಇವರು ಕಾರುಗಳ ಟಿಂಕರಿಂಗಿಗೆ ಇಳಿದರು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ, ಹುಣಸೇಮರದ ಹಿಂದೆ ಅವರ ಶೆಡ್ಡು. ಹಳೇ ಕಾರುಗಳ ಬಣ್ಣ ಕೆರೆದು, ತುಕ್ಕು ತಿಂದ ಕಡೆ ಹೊಸ ತಗಡು ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಜನ ಹೇಳುತ್ತಿದ್ದರು. ಅದೇ ಬಾಯಲ್ಲೇ, “ಒರಿಜಿನಲ್ ಸಾಮಾನು ಬದಲಾಯಿಸ್ಬುಡ್ತಾರೆ, ಉಷಾರು” ಎಂದೂ ಸೇರಿಸುತ್ತಿದ್ದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮೂರಿನ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಯಾರು ಹಾಲಿಗೆ ನೀರು ಬೆರೆಸಿದ್ದಾರೆ ಎಂದು ನೋಡುವುದೇ ನನ್ನ ಕೆಲಸ. ನೆಂಟರ ಕ್ಯಾನನ್ನೂ ಪರೀಕ್ಷೆ ಮಾಡದೆ ಸುರಿಸಿಕೊಂಡವಳಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಬಿಳೀ ಅಂಬಾಸಿಡರ್ ಆಲೆಮನೆಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಗುಜರಿಯವನು ಬಂದು ಕೇಳಿದ ದಿನ ಕೊಡಲು ಮನಸ್ಸು ಬರಲಿಲ್ಲ. ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಆಚಾರ್ರ ಶೆಡ್ಡಿಗೆ ತಂದೆ.

ಅವರು ಕಾರು ನೋಡಲಿಲ್ಲ. ಮೊದಲು ಆರ್‌ಸಿ ಪುಸ್ತಕ ಕೇಳಿದರು. ಅದರಲ್ಲಿದ್ದ ಹೆಸರು ಓದಿ, “ಇವ್ರು ನಿಮಗೇನಾಗ್ಬೇಕು?” ಎಂದರು.

“ಅಪ್ಪ.”

“ಅಪ್ಪನೇ ಅನ್ನೋಕೆ ಏನಾರ ಇದ್ದದಾ?”

ಕದ್ದ ಕಾರು ಇರಬಹುದೆಂದು ನನ್ನನ್ನೇ ಅನುಮಾನಿಸುತ್ತಿದ್ದರು! ಆಧಾರ್ ಕಾರ್ಡು ತೋರಿಸಿದ ಮೇಲೆ ಒಂದು ಅಯಸ್ಕಾಂತ ತೆಗೆದು ಕಾರಿನ ಮೈಗೆ ಅಂಟಿಸುತ್ತಾ ಸುತ್ತು ಬಂದರು. ಮುಂದೆಲ್ಲ ಟಪ್ಪನೆ ಕಚ್ಚಿಕೊಂಡಿತು. ಹಿಂದೆ, ಡಿಕ್ಕಿಯ ಹತ್ತಿರ, ಜಾರಿ ನೆಲಕ್ಕೆ ಬಿತ್ತು.

“ಇಲ್ಲಿ ತಗಡಿನ್ ಮ್ಯಾಲೆ ದಪ್ಪಗೆ ಪುಟ್ಟಿ ಮೆತ್ತವ್ರೆ. ಈ ಕಾರು ಏನೋ ಮುಚ್ಚಿಟ್ಕೊಂಡದೆ ಕಣವ್ವ” ಎಂದರು. ಕೆಲಸ ಹೆಚ್ಚು ತೋರಿಸಲು ಹೂಡಿದ ಆಟ ಎಂದುಕೊಂಡೆ. ಅವರು ಟೀ ತರಲು ಹೋದಾಗ ನಾಲ್ಕೂ ಬಾಗಿಲುಗಳ ಒಳಮಗ್ಗುಲಲ್ಲಿ ಮೊಳೆಯಿಂದ ಸಣ್ಣ ಗುರುತು ಗೀಚಿದೆ.

ಮೂರನೇ ವಾರ ಹೋದರೆ ಒಂದು ಬಾಗಿಲು ಇರಲಿಲ್ಲ.

“ಅದ್ರ ಅಂಚೆಲ್ಲ ತುಕ್ಕು ತಿಂದೋಗಿತ್ತು. ನಾಗಮಂಗಲದಲ್ಲಿ ನಮ್ಮೋರೊಬ್ರು ಅವ್ರೆ, ಅಂಚು ಮಡಚೋದ್ರಾಗೆ ಅವ್ರ ಕೈಯೇ ಕೈ. ಕಳ್ಸಿವ್ನಿ” ಎಂದರು ಆಚಾರ್ರು.

ಮಾರಿಕೊಂಡಿದ್ದಾರೆ ಎಂದೇ ನನಗನ್ನಿಸಿತು. ಮಾರನೆಯ ದಿನ ಹಾಲಿನ ಲಾರಿ ಕಳಿಸಿ ನೇರ ನಾಗಮಂಗಲದ ಬಸ್ಸು ಹತ್ತಿದೆ. ಕೇಳಿಕೊಂಡು ಹೋದರೆ, ಒಂದು ಕುಲುಮೆಯ ಮುಂದೆ ನಮ್ಮ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಒಳಮಗ್ಗುಲಲ್ಲಿ ನನ್ನ ಗೀಚು ಇತ್ತು. ಅಲ್ಲಿದ್ದ ಮುದುಕರು ನನ್ನನ್ನು ನೋಡಿ ನಕ್ಕು, “ಇವತ್ತೋ ನಾಳೆಯೋ ಬತ್ತಾರೆ ಅಂತ ಫೋನ್ ಮಾಡಿದ್ದ” ಎಂದರು.

ಸಂಜೆ ಶೆಡ್ಡಿಗೆ ಹೋದಾಗ ಆಚಾರ್ರು ತಲೆ ಎತ್ತದೆ ಕೇಳಿದರು: “ಮೊಳೆ ಗುರುತು ಸಿಕ್ತಾ?”

ನಾನು ಉಳಿದ ಬಾಗಿಲುಗಳ ಕಡೆ ನೋಡಿದೆ.

“ಮೊದಲ್ನೇ ದಿನಾನೇ ನೋಡ್ದೆ ಬುಡಿ. ನಾನಾಗಿದ್ರೂ ಗೀಚ್ತಿದ್ದೆ.” ಅವರ ದನಿಯಲ್ಲಿ ಕೋಪವಿರಲಿಲ್ಲ, ಒಂದು ತರದ ಮೆಚ್ಚುಗೆಯಿತ್ತು. ನಾಚಿಕೆಯಾಯಿತು. ಆದರೂ ಉಳಿದ ಮೂರು ಬಾಗಿಲುಗಳ ಗುರುತು ನೋಡಿಯೇ ಮನೆಗೆ ಬಂದೆ.

ಆಮೇಲೆ ಬಣ್ಣ ತೆಗೆಯುವ ಕೆಲಸ ಶುರುವಾಯಿತು. ಘಾಟು ಹೊಡೆಯುವ ದ್ರಾವಣವನ್ನು ಬ್ರಶ್ಶಿನಲ್ಲಿ ಬಳಿದು ಕಾಯುವರು. ಸ್ವಲ್ಪ ಹೊತ್ತಿಗೆ ಬಣ್ಣ ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬುತ್ತಿತ್ತು. ಆಗ ಅಗಲವಾದ ಪಟ್ಟಿಯಿಂದ ಕೆರೆದು ಹಾಕುವರು. ಹಿಂಭಾಗದಿಂದ ಬೆರಳುಗಾತ್ರದ ಪುಟ್ಟಿ ಹೆಂಟೆಹೆಂಟೆಯಾಗಿ ಉದುರಿತು. ಅದರ ಕೆಳಗೆ ತಗಡು ಹಿಂಡಿದ ಬಟ್ಟೆಯಂತೆ ಮುದುರಿಕೊಂಡಿತ್ತು.

“ಈ ಗಾಡಿಗೆ ಇಂದ್ಗಡೆಯಿಂದ ಯಾವ್ದೋ ದೊಡ್ಡ ಗಾಡಿ ಬಂದು ಗುದ್ದದೆ” ಎಂದರು ಆಚಾರ್ರು.

ನಾನು ಅಲ್ಲೇ ಇದ್ದ ಡಬ್ಬದ ಮೇಲೆ ಕುಳಿತುಬಿಟ್ಟೆ. ಇಪ್ಪತ್ತು ವರ್ಷದ ಹಿಂದೆ ನನ್ನ ಚಿಕ್ಕಪ್ಪ ಹೇಳಿದ್ದೂ ಇದೇ ಮಾತು.

ಚಿಕ್ಕಪ್ಪ ಆಗ ಇದೇ ಕಾರಿನಲ್ಲಿ ಕೆ.ಆರ್. ಪೇಟೆಗೆ ಹೋಗಿ ಎಂಟು ದಿನ ಬಿಟ್ಟು ಬಂದಿದ್ದರು. ನಿಲ್ಲಿಸಿದ್ದ ಕಾರಿಗೆ ಲಾರಿ ಹಿಂದಿನಿಂದ ಗುದ್ದಿತು, ಅಣ್ಣ ಬೈತಾನೆಂದು ಅಲ್ಲೇ ರಿಪೇರಿ ಮಾಡಿಸಿಕೊಂಡು ಬಂದೆ ಎಂದರು. ಆದರೆ ಅವರು ಹೋದ ದಿನವೇ ಅದೇ ರಸ್ತೆಯಲ್ಲಿ ಸೈಕಲ್ಲಿನವನೊಬ್ಬನಿಗೆ ಬಿಳೀ ಕಾರೊಂದು ಗುದ್ದಿ ಓಡಿಹೋಗಿತ್ತು. ಆತನ ಕಾಲು ಹೋಯಿತು. ಅಪ್ಪ ಕಾರನ್ನು ಸುತ್ತಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಹಿಂದ್ಗಡೆ ಗುದ್ದಿದ್ರೆ ಮುಂದಕ್ಯಾಕ್ಲಾ ಹೊಸಾ ಬಣ್ಣ ಒಡ್ಸಿದ್ದೀಯೆ?” ಚಿಕ್ಕಪ್ಪ ಹೇಳಿದ ಯಾವ ಮಾತನ್ನೂ ಅಪ್ಪ ನಂಬಲಿಲ್ಲ. ಚಿಕ್ಕಪ್ಪ ಹೆಂಡತಿಯ ಊರು ಸಿಂಧಘಟ್ಟಕ್ಕೆ ಹೋಗಿ ನೆಲೆಸಿದರು. ಅಪ್ಪ ಸತ್ತ ದಿನ ಬಂದು ನಮ್ಮ ಗೇಟಿನ ಮುಂದೆ ನಿಂತಿದ್ದರು. ಆ ಗೇಟಿನ ಚಿಲಕ ಹಾಕಿದವಳು ನಾನು.

ಇಷ್ಟನ್ನೂ ಆಚಾರ್ರಿಗೆ ಹೇಳಿದೆ. ಹೇಳುತ್ತಿದ್ದಂತೆಯೇ ಇನ್ನೊಂದು ಅನುಮಾನ ಬಂತು. “ನಮ್ಮ ಚಿಕ್ಕಪ್ಪ ಏನಾದ್ರೂ ಇಲ್ಲಿಗೆ ಬಂದಿದ್ರಾ? ಹಿಂಗೆ ಹೇಳಿ ಅಂತ ನಿಮ್ಗೆ ಹೇಳಿದ್ರಾ?” ಎಂದು ಕೇಳಿಯೇಬಿಟ್ಟೆ.

ಆಚಾರ್ರ ಮುಖ ಕೆಂಪಾಯಿತು. ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೆರೆಯುವ ಪಟ್ಟಿಯನ್ನು ನನ್ನ ಕೈಗೆ ತುರುಕಿ, “ಮುಂದ್ಗಡೆ ಇನ್ನೂ ಮುಟ್ಟಿಲ್ಲ. ನನ್ನ ನಂಬಬ್ಯಾಡಿ. ನೀವೇ ಕೆರೀರಿ” ಎಂದರು.

ಕೆರೆದೆ. ಮೊದಲು ಹೊಳೆಯುವ ಬಿಳಿ ಬಂತು. ಅದರ ಕೆಳಗೆ ಹಳದಿಗಟ್ಟಿದ ಹಳೇ ಬಿಳಿ. ಅದರ ಕೆಳಗೆ ಕಾರು ಹುಟ್ಟಿದಾಗಿನ ಅಡಿಬಣ್ಣ, ಆಮೇಲೆ ನುಣ್ಣನೆಯ ತಗಡು. ಎಡಕ್ಕೆ ಕೆರೆದೆ, ಬಲಕ್ಕೆ ಕೆರೆದೆ, ದೀಪದ ಸುತ್ತ ಕೆರೆದೆ. ಎಲ್ಲೂ ಪುಟ್ಟಿಯಿಲ್ಲ, ಸುತ್ತಿಗೆಯ ಏಟಿಲ್ಲ. ತೋಳು ಸೋತು ನಿಲ್ಲಿಸಿದೆ.

“ತಗಡನ್ನೇ ಬದಲಾಯಿಸಿದ್ರೆ?”

“ಬದಲಾಯಿಸಿದ್ರೆ ಹಳೇ ಬಣ್ಣ ಅಡೀಲಿ ಇರ್ತಿತ್ತಾ?”

“ಮತ್ತೆ ಮುಂದಕ್ಯಾಕೆ ಬಣ್ಣ ಹೊಡ್ಸಿದ್ರು ಆಚಾರ್ರೇ?”

“ಬಿಸ್ಲಲ್ಲಿ ಮಾಗಿದ್ ಬಿಳಿಗೆ ಹೊಸಾ ಬಿಳಿ ವೊಂದ್ಕೊಳ್ಳಲ್ಲ ಕಣವ್ವ. ಹಿಂದೆ ಮಾತ್ರ ಒಡೆದ್ರೆ ತ್ಯಾಪೆ ಆಕ್ದಂಗೆ ಕಾಣ್ತದೆ. ಯಾವ ಪೇಂಟರ್ರಾದ್ರೂ ಪೂರ್ತಿ ಒಡೀತಾನೆ.” ನೆಲಕ್ಕೆ ಬಿದ್ದ ಬಣ್ಣದ ಚೂರೊಂದನ್ನು ಎತ್ತಿ ನೋಡುತ್ತಾ, “ನಿಮ್ಮಪ್ಪಾರು ಯಾರಾದ್ರೂ ಪೇಂಟರ್ರನ್ನ ಒಂದ್ ಮಾತು ಕೇಳ್ಬೋದಾಗಿತ್ತು” ಎಂದರು.

ಕಾರಿನ ಹಿಂಭಾಗ ಸರಿಮಾಡುವುದನ್ನು ಅವರು ಅಲ್ಲಿಗೇ ನಿಲ್ಲಿಸಿದರು. “ನಿಮ್ ಚಿಕ್ಕಪ್ಪಾರು ಬಂದು ನೋಡೋಗಂಟ ಸುತ್ತಿಗೆ ಎತ್ತಲ್ಲ” ಎಂದರು. ತುಕ್ಕು ಹಿಡಿಯಬಾರದೆಂದು ಆ ಮುದುರಿದ ತಗಡಿಗೆ ದಿನಾ ಎಣ್ಣೆ ಸವರುತ್ತಿದ್ದರು. ಸಿಂಧಘಟ್ಟಕ್ಕೆ ಹೋಗಲು ನನಗೆ ಧೈರ್ಯ ಬರುವ ಹೊತ್ತಿಗೆ ಹತ್ತು ದಿನವಾಗಿತ್ತು.

ಚಿಕ್ಕಪ್ಪ ಕೊಟ್ಟಿಗೆಯಲ್ಲಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಬಾ ಎನ್ನಲಿಲ್ಲ. ನಾನೂ ಕ್ಷೇಮ ಕೇಳಲಿಲ್ಲ. “ಬಣ್ಣ ತೆಗ್ಸಿದೆ ಚಿಕ್ಕಪ್ಪ. ಹಿಂದ್ಗಡೆಯಿಂದ್ಲೇ ಗುದ್ದಿರೋದು” ಎಂದೆ.

ಅವರು ಕೈಯಲ್ಲಿದ್ದ ಹುಲ್ಲನ್ನು ಹಸುವಿನ ಮುಂದೆ ಹಾಕಿದರು. “ನಾನೂ ಅದ್ನೇ ಅಲ್ವೇ ಮಗಾ ಯೋಳಿದ್ದು” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, “ಅಣ್ಣಂಗೆ ಗೊತ್ತಾಗ್ಲೇ ಇಲ್ವಲ್ಲ” ಎಂದರು.

ಚಿಕ್ಕಪ್ಪ ಶೆಡ್ಡಿಗೆ ಬಂದ ದಿನ ಆಚಾರ್ರು ಕಾರಿನ ಹಿಂದೆ ಒಂದು ಸ್ಟೂಲು ಹಾಕಿ, ಟೀ ಕುಡಿಯುವ ನೆಪದಲ್ಲಿ ನನ್ನನ್ನೂ ಹೊರಗೆ ಕರೆದುಕೊಂಡು ಹೋದರು. ಮರದ ಕೆಳಗೆ ನಿಂತು ಎರಡು ಟೀ ಕುಡಿದೆವು. ಒಳಗಿನಿಂದ ಚಿಕ್ಕಪ್ಪನ ಅಳು ಕೇಳಿಸುತ್ತಿತ್ತು. ಆಚಾರ್ರು ಮೂರನೆಯ ಟೀ ಹೇಳಿದರು.

ಕಾರು ಮುಗಿದು ಎರಡು ವರ್ಷಕ್ಕೆ ಆಚಾರ್ರಿಗೆ ಉಬ್ಬಸ ಜೋರಾಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗಲೂ ನರ್ಸು ಕೊಟ್ಟ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದು ನಾನೂ ಚಿಕ್ಕಪ್ಪನೂ ಅವರ ಮನೆಗೆ ಹೋದೆವು. ಆಚಾರ್ರ ಹೆಂಡತಿಗೆ ನನ್ನ ಗುರುತಿತ್ತು. ಚಿಕ್ಕಪ್ಪನನ್ನು ನೋಡಿ, “ಇವ್ರು ಯಾರು ಕಣವ್ವ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಹೇಳಿದರು: “ಇಪ್ಪತ್ತೊರ್ಸ ನನ್ ಮಾತ್ನ ನಮ್ಮೋರು ಯಾರೂ ನಂಬ್ಲಿಲ್ಲ ಕಣ್ ತಾಯಿ. ನಿಮ್ ಯಜಮಾನ್ರು ನನ್ ಮಕಾನೂ ನೋಡಿರ್ಲಿಲ್ಲ. ನಂಬಿದ್ರು.”

ಆಯಮ್ಮ ಸೆರಗಿನಿಂದ ಕುರ್ಚಿ ಒರೆಸಿ ಅವರನ್ನು ಕೂರಿಸಿದರು.