ಪಾಠ ಮಾಡಬಾರದ ಟೀಚರ್

ಬಹ್ರೇನಿನ ಬ್ರಿಟಿಷ್ ಶಾಲೆಗೆ ಕೆಲಸಕ್ಕೆ ಸೇರಿದ ದಿನ ನನಗೆ ಹೇಳಿದ ಮೊದಲ ನಿಯಮ: "ನೀವು ಪಾಠ ಮಾಡುವಂತಿಲ್ಲ." ತಮಾಷೆಯೆಂದು ನಕ್ಕೆ. ಎದುರಿಗಿದ್ದ ಮೇಲಧಿಕಾರಿ ಮೇಡಂ ನಗಲಿಲ್ಲ.

ಕವರ್ ಸೂಪರ್‌ವೈಸರ್ ಎಂದರೆ ಇಷ್ಟೇ: ಟೀಚರ್ ರಜೆ ಹಾಕಿದ ತರಗತಿಗೆ ಹೋಗಿ, ಅವರು ಇಟ್ಟುಹೋದ ಹಾಳೆ ಹಂಚಿ, ಗಲಾಟೆಯಾಗದಂತೆ ನೋಡಿಕೊಳ್ಳುವುದು. ಉಡುಪಿಯ ನನ್ನ ಹಳೆಯ ಶಾಲೆಯಲ್ಲಿ ಯಾರಾದರೂ ರಜೆ ಹಾಕಿದರೆ ಆ ಪೀರಿಯಡ್ಡಿಗಾಗಿ ನಾವು ಟೀಚರುಗಳೇ ಜಗಳವಾಡುತ್ತಿದ್ದೆವು. ಡ್ರಿಲ್ ಪೀರಿಯಡ್ಡಿನಲ್ಲೂ ಗಣಿತ ಮಾಡಿ ಮಕ್ಕಳಿಂದ ಶಾಪ ಹಾಕಿಸಿಕೊಂಡವಳು ನಾನು. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಕಲಿಸಿದವಳಿಗೆ ಇಲ್ಲಿ ದನ ಕಾಯುವ ಕೆಲಸ. ದನ ಕಾಯುವವನಾದರೂ ಹುಲ್ಲಿರುವ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ!

ನನ್ನ ಬಿ.ಎಡ್.ಗೆ ಎಷ್ಟು ಮೊಹರು ಒತ್ತಿಸಿ ತಂದರೂ ಇಂಗ್ಲೆಂಡಿನ ತರಬೇತಿಯಿಲ್ಲವೆಂದು ಬದಿಗಿಟ್ಟರು. ಒಂದು ವರ್ಷ ಒಳ್ಳೆಯ ವರದಿ ಬಂದರೆ ಟೀಚರ್ ಹುದ್ದೆಗೆ ನೋಡೋಣ ಎಂದರು. ಆ ಆಸೆಗೆ ಹತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ತಿಂಗಳು ಏಳನೇ ತರಗತಿಯ ಮರಿಯಂ ಭಿನ್ನರಾಶಿಯ ಹಾಳೆಯ ಮುಂದೆ ಅಳುತ್ತಿದ್ದಳು. ಮರುದಿನವೇ ಪರೀಕ್ಷೆ. "ಮಿಸ್, ಭಾಗಿಸುವಾಗ ಇದನ್ನು ಯಾಕೆ ತಲೆಕೆಳಗು ಮಾಡಬೇಕು?" ನನಗೆ ತಡೆಯಲಾಗಲಿಲ್ಲ. ಬೋರ್ಡಿನ ಮೇಲೆ ಖುಬ್ಸ್, ಅಂದರೆ ಇಲ್ಲಿಯ ರೊಟ್ಟಿಯ ಚಿತ್ರ ಬರೆದೆ. ಅರ್ಧ ಖುಬ್ಸಿನಲ್ಲಿ ಎಷ್ಟು ಕಾಲುಭಾಗ? "ಎರಡು!" ಎಂದು ಇಡೀ ತರಗತಿ ಕೂಗಿತು. ಆ ಕೂಗು ಕೇಳಿ ಮೇಡಂ ಬಾಗಿಲಿಗೆ ಬಂದರು.

"ಇನ್ನು ಮುಂದೆ ಪಾಠ ಮಾಡುವುದಿಲ್ಲವೆಂದು ಬರೆದುಕೊಡಿ."

"ನಾನು ಹೇಳಿದ್ದರಲ್ಲಿ ತಪ್ಪಿತ್ತೇ?"

"ಅದು ಪ್ರಶ್ನೆಯಲ್ಲ."

ಮೈಯೆಲ್ಲ ಉರಿಯಿತು. ಹಿದ್ದ್ ಬಂದರಿನ ಕೆಲಸ ಮುಗಿಸಿ ಬಂದ ಗಂಡ ಸಮಾಧಾನ ಹೇಳಿದರು: "ಖಲ್ಲಿ ವಲ್ಲಿ ಮಾರಾಯ್ತಿ. ಎರಡು ಸಾಲು ಬರ್ದು ಬಿಸಾಡು. ಇನ್ನೆರಡು ತಿಂಗಳು ಅಲ್ವಾ?" ಖಲ್ಲಿ ವಲ್ಲಿ ಎಂದರೆ ಹಾಳಾಗಿ ಹೋಗಲಿ ಬಿಡು ಎಂದು. ಹಾಳಾಗುತ್ತಿರುವುದು ನಾನಲ್ಲವೇ? ವಾಪಸ್ ಬರುತ್ತೇನೆಂದು ಹಳೆಯ ಶಾಲೆಯ ಗೆಳತಿ ಶೈಲಜಾಗೆ ಫೋನ್ ಮಾಡಿದೆ. ಅವಳೆಂದಳು: "ನಿನ್ನ ಜಾಗಕ್ಕೆ ಜನ ಬಂದಾಯ್ತಲ್ಲ ಮಾರಾಯ್ತಿ. ಮಕ್ಕಳಿಗೆ ಅವರು ಅಂದ್ರೆ ಭಾರೀ ಇಷ್ಟ."

ಬರೆದುಕೊಟ್ಟೆ.

ಮುಂದಿನ ವಾರ ಅದೇ ತರಗತಿಯ ವಿಜ್ಞಾನದ ಟೀಚರ್ ರಜೆ. ಹಾಳೆ ಹಂಚುತ್ತಿದ್ದಾಗ ಮರಿಯಂ ಗಣಿತದ ಪುಸ್ತಕ ಹಿಡಿದು ಓಡಿಬಂದಳು. "ಮಿಸ್, ನಾನು ಪಾಸ್! ಇನ್ನೊಂದು ಲೆಕ್ಕ ಹೇಳಿಕೊಡಿ."

"ನಿಮ್ಮ ಟೀಚರನ್ನು ಕೇಳು."

"ನೀವೂ ಟೀಚರೇ ಅಲ್ಲವಾ?"

ಅಲ್ಲಿ ಆಗಿದ್ದೆ, ಇಲ್ಲಿ ಇನ್ನೂ ಆಗಿಲ್ಲ ಎಂದು ಆ ಮಗುವಿಗೆ ಹೇಗೆ ಹೇಳಲಿ? "ಹೋಗಿ ಕೂತ್ಕೋ!" ಎಂದು ಕನ್ನಡದಲ್ಲೇ ಗದರಿಬಿಟ್ಟೆ. ಅವಳಿಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಪುಸ್ತಕ ಮುಚ್ಚಿ ಹೋಗಿ ಕೂತಳು.